ಗಡಿಸೀಮೆಯ ನವೆಂಬರ್ ಒಂದು

ಈ ಹೊತ್ತು ಶಿವಮೊಗ್ಗ ಜಿಲ್ಲೆಯ ಯಾವ ಎಲ್ಲೆಯನ್ನು ದಾಟಿದರೂ ನಾವು ಕಾಲಿಡುವುದು ಕನ್ನಡನಾಡಿನ ಮತ್ತೊಂದು ಜಿಲ್ಲೆಯೊಳಕ್ಕೇ. ಉತ್ತರಕ್ಕೆ ಹಾವೇರಿ, ವಾಯವ್ಯಕ್ಕೆ ಉತ್ತರ ಕನ್ನಡ, ನೈಋತ್ಯಕ್ಕೆ ಉಡುಪಿ, ದಕ್ಷಿಣಕ್ಕೆ ಚಿಕ್ಕಮಗಳೂರು, ಪೂರ್ವಕ್ಕೆ ದಾವಣಗೆರೆ. ಎಲ್ಲಿಯೂ ಪರರಾಜ್ಯದ ಗಡಿಗಲ್ಲಿಲ್ಲ. ಆದರೆ 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಈ ಜಿಲ್ಲೆ ಮೈಸೂರು ರಾಜ್ಯದ ಗಡಿಯ ಜಿಲ್ಲೆಯಾಗಿತ್ತು. ಶಿಕಾರಿಪುರ, ಸೊರಬಗಳ ಆಚೆಗಿದ್ದ ಹಾನಗಲ್ಲು, ಹಿರೇಕೆರೂರುಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಸಾಗರ ತಾಲ್ಲೂಕಿನ ಆಚೆಗಿನ ಸಿದ್ದಾಪುರವೂ ಮುಂಬಯಿಯದೇ. ಹುಲಿಕಲ್ಲು, ಆಗುಂಬೆಗಳ ಘಟ್ಟವನ್ನಿಳಿದರೆ ಸಿಕ್ಕುತ್ತಿದ್ದ ಕರಾವಳಿ ಮದರಾಸಿನದು. ಮೂರು ದಿಕ್ಕಿನಲ್ಲಿಯೂ ಒಂದೇ ಮಾತನ್ನಾಡುವ ಜನರಿದ್ದು, ಆ ಮಾತನ್ನಾಡುವವರ ಕಂದಾಯ ಮೂರು ರಾಜಧಾನಿಗಳಿಗೆ ಹರಿದುಹೋಗುತ್ತಿದ್ದ ವಿಚಿತ್ರ ವ್ಯವಸ್ಥೆಯನ್ನು ಈ ಜಿಲ್ಲೆಯಷ್ಟು ಸಮೀಪದಿಂದ ಅನುಭವಿಸಿದ ಸೀಮೆ ಹಳೆಯ ಮೈಸೂರಿನಲ್ಲಿ ಇನ್ನೊಂದಿರಲಾರದು. ಆದುದರಿಂದಲೇ ನವೆಂಬರ್ 1 ಎಂಬ ದಿನವು ಶಿವಮೊಗ್ಗಕ್ಕೂ ಭದ್ರಾವತಿಗೂ ಧ್ವಜ ಹಾರಿಸಿ ಸಿಹಿ ಹಂಚುವ ಹಬ್ಬಕ್ಕಿಂತ ಹೆಚ್ಚಿನದು. ಅದು ಈ ಸೀಮೆ ನಾಡಿನ ಅಂಚಿನಿಂದ ನಾಡಿನ ಒಡಲಿಗೆ ಸರಿದ ದಿನ.

ಆ ದಿನದ ಹಿಂದಿನ ಚರಿತ್ರೆಯನ್ನು ಹಿಡಿದು ಹೊರಟವನು ಬಹುದೂರ ಹೋಗಬೇಕಾಗುತ್ತದೆ. ಕೆಳದಿಯ ಅರಸರ ಕಾಲದಲ್ಲಿ ಘಟ್ಟದ ಮೇಲಣ ಇಕ್ಕೇರಿ, ಬಿದನೂರುಗಳೂ ಘಟ್ಟದ ಕೆಳಗಣ ಹೊನ್ನಾವರ, ಬಸರೂರು, ಮಂಗಳೂರುಗಳೂ ಒಂದೇ ಆಳ್ವಿಕೆಗೆ ಸೇರಿದ್ದವು. ಶಿವಪ್ಪನಾಯಕನ ಕಾಲದಲ್ಲಿ ಈ ರಾಜ್ಯವು ದಕ್ಷಿಣಕ್ಕೆ ಕಾಸರಗೋಡಿನ ಕಡಲದಂಡೆಯವರೆಗೆ ಹಬ್ಬಿತ್ತು. ಚಂದ್ರಗಿರಿಯ ಕೋಟೆಯೂ ಬೇಕಲದ ಕೋಟೆಯೂ ಇಂದಿಗೂ ಕೆಳದಿಯ ಹೆಸರನ್ನೇ ಹೇಳುತ್ತಿವೆ. ಘಟ್ಟದ ಮೆಣಸು, ಕರಾವಳಿಯ ಅಕ್ಕಿ ಈ ಬಂದರುಗಳಿಂದ ಹಡಗನ್ನೇರುತ್ತಿದ್ದವು, ಮತ್ತು ಅವಕ್ಕಾಗಿ ಕಾದಿದ್ದವರಲ್ಲಿ, ಅವಕ್ಕಾಗಿ ಕಾದಾಡಿದವರಲ್ಲಿ, ಪೋರ್ತುಗೀಸರು ಮೊದಲಿಗರು.

ಇಲ್ಲಿ ಒಂದು ನವೆಂಬರ್ ಒಂದನ್ನು ನೆನೆಯಬೇಕು. 1755ರ ಆ ದಿನ, ಕ್ರೈಸ್ತರ ಸಕಲ ಸಂತರ ಹಬ್ಬದ ಬೆಳಗ್ಗೆ, ಪೋರ್ತುಗೀಸರ ರಾಜಧಾನಿಯಾದ ಲಿಸ್ಬನ್ ನಗರದ ದೇವಾಲಯಗಳಲ್ಲಿ ಮೇಣದ ಬತ್ತಿಗಳು ಉರಿಯುತ್ತಿದ್ದು ಜನ ಮಂಡಿಯೂರಿ ಪ್ರಾರ್ಥನೆಯಲ್ಲಿದ್ದ ಹೊತ್ತಿನಲ್ಲಿ, ಭೂಮಿ ಕಂಪಿಸಿತು, ಕಮಾನುಗಳು ಕುಸಿದವು, ಉರುಳಿದ ಬತ್ತಿಗಳಿಂದ ಬೆಂಕಿ ಹತ್ತಿತು, ಬಯಲಿಗೆಂದು ನದಿಯ ಕಡೆಗೆ ಓಡಿದವರ ಮೇಲೆ ಕಡಲು ಏರಿಬಂದಿತು. ಸತ್ತವರು ಹತ್ತಾರು ಸಾವಿರ. ನದೀತೀರದ ಅರಮನೆಯೊಡನೆ, ಪೂರ್ವದೇಶಗಳ ವ್ಯಾಪಾರವನ್ನೆಲ್ಲ ನಡಸುತ್ತಿದ್ದ ಕಚೇರಿಯಾದ ಕಾಸಾ ದ ಇಂದಿಯಾ ಎಂಬುದೂ ನೆಲಸಮವಾಯಿತು. ನಮ್ಮ ಕರಾವಳಿಯ ಮೆಣಸಿನ ಲೆಕ್ಕವನ್ನು ಇರಿಸಿಕೊಂಡಿದ್ದ ಮನೆ ಅದು. ಯೂರೋಪಿನ ತತ್ತ್ವಜ್ಞರು ದೈವದ ನ್ಯಾಯವನ್ನು ಕುರಿತು ವಾದಿಸತೊಡಗಿದ ಆ ವರ್ಷಗಳಲ್ಲಿಯೇ ಕೆಳದಿಯ ಅರಸರ ಬಿದನೂರಿನ ಸಿಂಹಾಸನವೂ ಕೊನೆಗಾಲಕ್ಕೆ ಸಮೀಪಿಸಿತ್ತು. ಎಂಟು ವರ್ಷಗಳ ತರುವಾಯ, 1763ರಲ್ಲಿ, ಹೈದರಾಲಿ ಬಿದನೂರನ್ನು ಹಿಡಿದನು. ಈ ಎರಡು ಪತನಗಳಿಗೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಎರಡು ಶತಮಾನ ಪರಸ್ಪರ ಹೆಣಗಾಡಿದ ಎರಡು ಮನೆಗಳು ಒಂದೇ ದಶಕದಲ್ಲಿ ಬಿರುಕುಬಿಟ್ಟುದನ್ನು ಮಲೆನಾಡಿನ ಚರಿತ್ರೆಯನ್ನು ಓದುವವನು ಕಾಣದೆ ಇರಲಾರ.

ಒಡೆತ ನಿಜವಾಗಿ ಆದುದು 1799ರಲ್ಲಿ. ಟಿಪ್ಪುವಿನ ಮರಣಾನಂತರ ಈಸ್ಟ್ ಇಂಡಿಯಾ ಕುಂಪಣಿಯವರು ಕರಾವಳಿಯನ್ನು ತಮಗಿಟ್ಟುಕೊಂಡು, ಘಟ್ಟದ ಮೇಲಣ ನಗರಸೀಮೆಯನ್ನು, ಎಂದರೆ ಬಿದನೂರಿನ ಸೀಮೆಯನ್ನು, ಮೈಸೂರಿನ ಅರಸರಿಗೆ ಬಿಟ್ಟರು. ಕರಾವಳಿ ಮದರಾಸಿಗೆ ಸೇರಿತು. 1862ರಲ್ಲಿ ಅದರ ಉತ್ತರಭಾಗವನ್ನು ಮತ್ತೆ ಸೀಳಿ ಮುಂಬಯಿಗೆ ಕೊಟ್ಟರು. ಕೆಳದಿಯ ಒಂದು ರಾಜ್ಯ ಹೀಗೆ ಮೂರಾಯಿತು.

ಎರಡನೆಯ ನವೆಂಬರ್ ಒಂದು 1858ರದು. ಅಂದು ಅಲಹಾಬಾದಿನಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದನು: ಕುಂಪಣಿಯ ಆಳ್ವಿಕೆ ಮುಗಿಯಿತು, ದೇಶೀಯ ರಾಜರೊಡನೆ ಮಾಡಿಕೊಂಡ ಒಪ್ಪಂದಗಳಿಗೆ ಭಂಗ ತಾರೆವು, ಇನ್ನು ರಾಜ್ಯ ವಿಸ್ತರಣೆಯ ಬಯಕೆ ನಮಗಿಲ್ಲ ಎಂಬುದು ಅದರ ತಾತ್ಪರ್ಯ. ಈ ಮಾತು ಬೇರೆ ಯಾರಿಗೆ ಹೇಗೋ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಜೀವದಾನದಂತಿತ್ತು. ಏಕೆಂದರೆ ಅವರ ರಾಜ್ಯ 1831ರಿಂದ ಇಂಗ್ಲಿಷ್ ಕಮೀಷನರುಗಳ ಕೈಯಲ್ಲಿತ್ತು. ಮತ್ತು ಅದು ಅವರ ಕೈಜಾರಲು ನೆಪವಾದುದು ನಮ್ಮದೇ ನಗರಸೀಮೆಯ ರೈತರ ದಂಗೆ. ಕಂದಾಯದ ಗುತ್ತಿಗೆದಾರರ ಹಿಂಸೆಯನ್ನು ತಾಳಲಾರದೆ 1830ರಲ್ಲಿ ಕೂಟ ಕಟ್ಟಿ ಎದ್ದು ನಿಂತ ರೈತರಿಗೆ, ತಾನು ಕೆಳದಿಯ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ನಾಯಕನಾಗಿ ದೊರೆತಿದ್ದನು. ಮಲೆನಾಡಿನ ಒಕ್ಕಲು ಮುನಿದರೆ ಮೈಸೂರಿನ ಸಿಂಹಾಸನವೂ ಅಲುಗುತ್ತದೆಂಬುದಕ್ಕೆ ಅದು ಸಾಕ್ಷಿ. ಘೋಷಣೆಯ ವಚನವನ್ನೇ ಆಧಾರವಾಗಿ ಹಿಡಿದು ಅರಸರು 1865ರಲ್ಲಿ ದತ್ತು ತೆಗೆದುಕೊಂಡರು. 1881ರಲ್ಲಿ ರಾಜ್ಯ ಮರಳಿ ಅರಸುಮನೆತನಕ್ಕೆ ಬಂದಿತು. ಆದರೆ ಘಟ್ಟದ ಗಡಿ ಇದ್ದಲ್ಲೇ ಇತ್ತು.

ಆ ಗಡಿ ಎಂತಹುದೆಂಬುದನ್ನು ಜೋಗದಲ್ಲಿ ನಿಂತು ನೋಡಬೇಕು. ರಾಜ, ರಾಣಿ, ರೋರರ್, ರಾಕೆಟ್‌ಗಳೆಂಬ ನಾಲ್ಕು ಧಾರೆಗಳಾಗಿ ಶರಾವತಿ ಎಂಟುನೂರಕ್ಕೂ ಹೆಚ್ಚು ಅಡಿ ಧುಮುಕುವ ಆ ಕಮರಿಯ ಒಂದು ಬದಿಗೆ ಮೈಸೂರಿನ ಬಂಗಲೆ. ಎದುರು ಬದಿಗೆ ರಾಜನ ನೆತ್ತಿಯ ಮೇಲೆ ಮುಂಬಯಿಯ ಬಂಗಲೆ. ಈಚೆಯ ಪ್ರವಾಸಿಗನಿಗೆ ಕಾಣುವ ನೀರು ಆಚೆಯವನಿಗೂ ಕಾಣುತ್ತಿತ್ತು. ಒಬ್ಬನ ಮೈಮೇಲೆ ಬಿದ್ದ ತುಂತುರೇ ಇನ್ನೊಬ್ಬನ ಮೈಮೇಲೂ. ಆದರೆ ಇಬ್ಬರೂ ಎರಡು ಸರ್ಕಾರಗಳ ಅತಿಥಿಗಳು. ಈ ನೀರಿನಿಂದ ವಿದ್ಯುತ್ತನ್ನು ತೆಗೆಯಲು ಮೈಸೂರಿನವರು ಹವಣಿಸಿದಾಗ, ನದಿಯ ಆಚೆಯ ದಂಡೆ ಪರರದೆಂಬ ಕಾರಣದಿಂದ ಮುಂಬಯಿ ಸರ್ಕಾರದೊಡನೆ ಒಪ್ಪಂದಕ್ಕಾಗಿ ಕಾಯಬೇಕಾಯಿತು. ಕಡೆಗೆ ಜೋಗದ ವಿದ್ಯುದಾಗಾರ 1948ರಲ್ಲಿ ಚಾಲನೆಗೆ ಬಂದಿತು. ಅಲ್ಲಿಯ ವಿದ್ಯುತ್ತು ಭದ್ರಾವತಿಯನ್ನು ಮುಟ್ಟಿ, ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ವಿದ್ಯುತ್ ಕುಲುಮೆಗಳು ಉರಿಯತೊಡಗಿದವು. ರೈಲಿನ ಮಾತನ್ನೂ ಹೇಳಬೇಕು. ಶಿವಮೊಗ್ಗದಿಂದ ಸಾಗರದ ಮೇಲೆ ಹೋದ ಹಳಿ ತಾಳಗುಪ್ಪಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿಂದ ಕೆಲವೇ ಮೈಲಿಗಳಾಚೆ ಮುಂಬಯಿಯ ನೆಲ. ಆ ಹಳಿ ಇಂದಿಗೂ ತಾಳಗುಪ್ಪವನ್ನು ದಾಟಿ ಹೊನ್ನಾವರದ ಕಡಲನ್ನು ಕಂಡಿಲ್ಲ.

ಗಡಿಯ ಎರಡೂ ಬದಿಗಳಲ್ಲಿ ಅಡಿಕೆಯ ತೋಟಗಳೇ, ಗದ್ದೆಗಳೇ, ಅದೇ ಮಳೆ, ಅದೇ ಉಂಬಳ. ಸೊರಬದ ಹೆಣ್ಣು ಸಿದ್ದಾಪುರಕ್ಕೆ, ಸಿದ್ದಾಪುರದ ಹೆಣ್ಣು ಸಾಗರಕ್ಕೆ ಮದುವೆಯಾಗಿ ಹೋಗುವುದು ಎಂದಿನ ವಾಡಿಕೆ. ಆದರೂ ಶಿರಸಿಯ ಅಡಿಕೆ ಒಂದು ಸರ್ಕಾರದ ಲೆಕ್ಕ, ಸಾಗರದ ಅಡಿಕೆ ಇನ್ನೊಂದರದು. ಮಗಳ ಮನೆಗೆ ಹೋದ ತಂದೆ ಪರದೇಶಕ್ಕೆ ಹೋದವನಂತೆ ಬೇರೆ ಕಾನೂನಿನ, ಬೇರೆ ಕಚೇರಿಯ, ಬೇರೆ ಪಠ್ಯಪುಸ್ತಕದ ಊರಿಗೆ ಹೋಗುತ್ತಿದ್ದ.

ಇಂತಹ ಸೀಮೆಗೆ 1956ರ ನವೆಂಬರ್ 1 ಬಂದಿತು. ಅದು ಬಂದುದು ದೀಪಾವಳಿಯ ದಿನಗಳಲ್ಲಿ. ಮಲೆನಾಡಿನ ಹಳ್ಳಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೇವರ ಮುಂದೆ ಹೊತ್ತಿಸಿದ ಹಣತೆಯನ್ನು ಗಾಳಿಗೆ ಆರದಂತೆ ಮರೆಮಾಡಿಕೊಂಡು, ರಾತ್ರಿಯಿಡೀ ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತ ನಡೆಯುವ ರಾತ್ರಿಗಳವು. ಬಾಗಿಲಿಗೆ ಬಂದ ಜ್ಯೋತಿಗೆ ಮನೆಯೊಡತಿ ಎಣ್ಣೆಯೆರೆದು, ತನ್ನ ಮನೆಯ ದೀಪವನ್ನು ಅದರಿಂದ ಹೊತ್ತಿಸಿಕೊಂಡು, ಅಕ್ಕಿ-ಕಾಯಿ ಕೊಟ್ಟು ಕಳುಹಿಸುತ್ತಾಳೆ. ಅತ್ತ, ಆ ನವೆಂಬರ್ 1ರಂದು, ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರಪ್ರಸಾದರು ಕನ್ನಡದ ಸೀಮೆಗಳು ಕೂಡಿದ ಹೊಸ ರಾಜ್ಯವನ್ನು ಉದ್ಘಾಟಿಸಿದರು, ಜಯಚಾಮರಾಜ ಒಡೆಯರು ರಾಜಪ್ರಮುಖರ ಪದವಿಯಿಂದ ರಾಜ್ಯಪಾಲರ ಪದವಿಗೆ ಬಂದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಒಂದು ಗಡಿಗಲ್ಲನ್ನೂ ಕೀಳದೆ, ಒಂದು ತೋಟದ ಬೇಲಿಯನ್ನೂ ಸರಿಸದೆ, ಶಿವಮೊಗ್ಗ ಜಿಲ್ಲೆ ರಾಜ್ಯದ ಅಂಚಿನಿಂದ ಒಳಗೆ ಬಂದಿತು. ಶರಾವತಿಯ ಎರಡು ದಂಡೆಗಳೂ ಒಂದೇ ಸರ್ಕಾರದವಾದುದರಿಂದಲೇ ಮುಂದೆ ಲಿಂಗನಮಕ್ಕಿಯ ಅಣೆಕಟ್ಟಿನಂತಹ ಬೃಹತ್ಕಾರ್ಯ ಇನ್ನೊಂದು ರಾಜ್ಯದ ಅನುಮತಿಗೆ ಕಾಯದೆ ನಡೆಯಿತು. ಅದರ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಅಳಲನ್ನು ಮರೆತು ಈ ಮಾತನ್ನು ಹೇಳುತ್ತಿಲ್ಲ.

ಆದರೆ ಕೆಳದಿಯ ರಾಜ್ಯ ಪೂರ್ಣವಾಗಿ ಮರಳಿ ಕೂಡಲಿಲ್ಲ. ಅದೇ ದಿನ ಹುಟ್ಟಿದ ಕೇರಳ ರಾಜ್ಯಕ್ಕೆ ಕಾಸರಗೋಡು ತಾಲ್ಲೂಕು ಸೇರಿಹೋಯಿತು. ಶಿವಪ್ಪನಾಯಕನ ಕೋಟೆಗಳು ಅತ್ತ ಉಳಿದವು. ಕಯ್ಯಾರ ಕಿಞ್ಞಣ್ಣ ರೈಗಳಂತಹ ಕವಿಗಳು ಜೀವಮಾನವಿಡೀ ಹೋರಾಡಿದರೂ, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರಭಾಗ ಕನ್ನಡನಾಡಿಗೆ ಸೇರತಕ್ಕದ್ದೆಂದು ಹೇಳಿದರೂ, ಅದು ಕೈಗೂಡಲಿಲ್ಲ. ಶಿವಮೊಗ್ಗದವರು ರಾಜ್ಯೋತ್ಸವದ ದಿನ ಕಾಸರಗೋಡನ್ನು ನೆನೆಯುವುದು ಬರಿಯ ಔದಾರ್ಯವಲ್ಲ. ತಮ್ಮ ಮನೆಯಿಂದಲೇ ಅಗಲಿದವರ ನೆನಪು ಅದು.

ಈ ದಿನದ ಕಥೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದು ನಿಲ್ಲಿಸುವವರು ತೀರ್ಥಹಳ್ಳಿ ತಾಲ್ಲೂಕಿನ ಮೂವರು. ಮೊದಲನೆಯವರು ಕಡಿದಾಳ್ ಮಂಜಪ್ಪನವರು. ಕನ್ನಡನಾಡಿನ ಏಕೀಕರಣದ ಪರವಾಗಿ ನಿಂತ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದಲ್ಲಿಯೇ ವಿಶ್ವಾಸ ಕಳೆದುಕೊಂಡು ಇಳಿದಾಗ, 1956ರ ಆಗಸ್ಟ್ 19ರಂದು ಮಂಜಪ್ಪನವರು ಮುಖ್ಯಮಂತ್ರಿಗಳಾದರು. ಅಕ್ಟೋಬರ್ 31ಕ್ಕೆ ಅವರ ಅಧಿಕಾರ ಮುಗಿಯಿತು. ಸುಮಾರು ಎರಡೂವರೆ ತಿಂಗಳ ಆಳ್ವಿಕೆ. ಹಳೆಯ ಮೈಸೂರಿನ ಮುಂದಾಳುಗಳಲ್ಲಿ ಅನೇಕರು, ಹಿಂದುಳಿದ ಸೀಮೆಗಳು ಬಂದು ಸೇರಿದರೆ ನಮ್ಮ ಬೊಕ್ಕಸ ಬರಿದಾದೀತು, ನಮ್ಮ ಪ್ರಾಬಲ್ಯ ಕುಂದೀತು ಎಂದು ಅಂಜುತ್ತಿದ್ದ ಕಾಲದಲ್ಲಿ, ತಾನು ಕುಳಿತ ಪೀಠವೇ ಇಲ್ಲವಾಗುವ ದಿನಕ್ಕೆ ರಾಜ್ಯವನ್ನು ಅಣಿಗೊಳಿಸುವ ಹೊಣೆ ಅವರ ಪಾಲಿಗೆ ಬಂದಿತು. ಗೇಣಿದಾರರ ಪರವಾದ ಶಾಸನಗಳಿಗಾಗಿ ಶ್ರಮಿಸಿದ ಆ ಸರಳ ಸಜ್ಜನರು ಹಳೆಯ ಮೈಸೂರಿನ ಕಡೆಯ ಮುಖ್ಯಮಂತ್ರಿಗಳಾಗಿ ಚರಿತ್ರೆಯಲ್ಲಿ ಉಳಿದರು. ರಾಜ್ಯಗಳನ್ನು ಕಟ್ಟಿದವರ ಹೆಸರನ್ನು ಜನ ನೆನೆಯುತ್ತಾರೆ, ಕಟ್ಟಲೆಂದು ತಮ್ಮ ರಾಜ್ಯವನ್ನು ಸಮಾಧಾನದಿಂದ ಒಪ್ಪಿಸಿಕೊಟ್ಟವರನ್ನು ನೆನೆಯುವುದಿಲ್ಲ. ಮಂಜಪ್ಪನವರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದೇ ನನ್ನ ಭಾವನೆ.

ಎರಡನೆಯವರು ಶಾಂತವೇರಿ ಗೋಪಾಲಗೌಡರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡು, 1951ರಲ್ಲಿ ಸಾಗರದ ಬಳಿಯ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಹೆಗಲು ಕೊಟ್ಟು, ಮರುವರ್ಷ ಶಾಸನಸಭೆಗೆ ಆಯ್ಕೆಯಾದ ಸಮಾಜವಾದಿ. ರಾಜ್ಯವೇನೋ ಒಂದಾಯಿತು, ಆದರೆ ಅದರ ಹೆಸರು ಮೈಸೂರೆಂದೇ ಉಳಿಯಿತಲ್ಲ ಎಂಬ ಕೊರಗು ಅವರದು. ಧಾರವಾಡದವನು, ಬೀದರಿನವನು, ಮಂಗಳೂರಿನವನು ತನ್ನನ್ನು ಮೈಸೂರಿನವನೆಂದು ಬರೆದುಕೊಳ್ಳಬೇಕಾದ ನಾಡು ಅವನದಾಗುವುದು ಹೇಗೆ? ಕರ್ನಾಟಕವೆಂಬ ಹೆಸರಿಗಾಗಿ ಸಭೆಯ ಒಳಗೂ ಹೊರಗೂ ಅವರು ವಾದಿಸಿದರು. 1972ರ ಜುಲೈಯಲ್ಲಿ ಶಾಸನಸಭೆ ಆ ಹೆಸರನ್ನು ಒಪ್ಪಿ ನಿರ್ಣಯ ಮಾಡಿತು. ಆದರೆ ಗೋಪಾಲಗೌಡರು ಅದೇ ವರ್ಷದ ಜೂನ್ 9ರಂದೇ, ಇನ್ನೂ ಐವತ್ತು ತುಂಬುವ ಮೊದಲೇ, ತೀರಿಕೊಂಡಿದ್ದರು.

ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕವೆಂಬ ನಾಮಧೇಯವಾಯಿತು.

ಭದ್ರಾವತಿಯಲ್ಲಿ ಮಾತ್ರ ಮೈಸೂರಿನ ಹೆಸರು ಅಷ್ಟು ಸುಲಭವಾಗಿ ಅಳಿಯಲಿಲ್ಲ. 1923ರ ಜನವರಿ 18ರಂದು ಅಲ್ಲಿ ಕೆಲಸ ತೊಡಗಿದ ಕಾರ್ಖಾನೆ ಮೈಸೂರು ಕಬ್ಬಿಣದ ಕಾರ್ಖಾನೆ. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ ಮೈಸೂರು ಪೇಪರ್ ಮಿಲ್ಸ್. ರಾಜ್ಯದ ಹೆಸರು ಬದಲಾದ ಕೆಲವು ವರ್ಷಗಳಲ್ಲಿ ಕಬ್ಬಿಣದ ಕಾರ್ಖಾನೆಗೆ ಅದರ ನಿರ್ಮಾತೃ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಕಾಗದದ ಕಾರ್ಖಾನೆ ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸಿದ ದಿನವನ್ನು ಆಚರಿಸುವಾಗ ಈ ಊರನ್ನು ಕುರಿತು ತುಸು ನಿಂತು ಯೋಚಿಸಬೇಕು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಣ ಕಾಡಿನ ಇದ್ದಲು, ಭದ್ರೆಯ ನೀರು ಇವು ಸ್ಥಳೀಯವಾದರೂ, ಕುಲುಮೆಯ ಮುಂದೆ ಬೆವರು ಸುರಿಸಿದವರಲ್ಲಿ ತಮಿಳರು, ತೆಲುಗರು, ಮಲೆಯಾಳಿಗಳು, ಮರಾಠಿಗರು ಎಲ್ಲರೂ ಇದ್ದರು. ಅವರ ಮಕ್ಕಳು ನ್ಯೂಟೌನಿನಲ್ಲಿಯೂ ಪೇಪರ್‌ಟೌನಿನಲ್ಲಿಯೂ ಕನ್ನಡ ಶಾಲೆಗಳಲ್ಲಿ ಓದಿ, ಮನೆಯಲ್ಲಿ ಒಂದು ನುಡಿಯನ್ನೂ ಬೀದಿಯಲ್ಲಿ ಇನ್ನೊಂದನ್ನೂ ಸಲೀಸಾಗಿ ಆಡುತ್ತ ಬೆಳೆದು, ರಾಜ್ಯೋತ್ಸವದ ಮೆರವಣಿಗೆಯಲ್ಲಿ ಭುವನೇಶ್ವರಿಯ ರಥವನ್ನು ಎಳೆಯುತ್ತಾರೆ. ಏಕೀಕರಣವೆಂಬುದು ಬೇರೆ ನುಡಿಯವರನ್ನು ಹೊರಗಿಡುವ ಗೋಡೆಯಲ್ಲವೆಂಬುದಕ್ಕೆ ಭದ್ರಾವತಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಇದ್ದಲೆಂದಾಗ ಇನ್ನೊಂದು ನವೆಂಬರ್ ಒಂದು ನೆನಪಾಗುತ್ತದೆ. 1950ರ ಆ ದಿನ, ಬಂಗಾಳಿಯ ಮಹಾಕಾದಂಬರಿಕಾರ ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಘಾಟಶಿಲೆಯಲ್ಲಿ ತೀರಿಕೊಂಡರು. ಘಾಟಶಿಲೆ ಇರುವುದು ಜಮ್ಷೆಡ್‌ಪುರದ ಬಳಿ. ಭದ್ರಾವತಿಯ ಹಾಗೆಯೇ ಕಾಡಿನ ಮಡಿಲಲ್ಲಿ ಕಬ್ಬಿಣದ ಕುಲುಮೆ ಹೊತ್ತಿಸಿದ ಸೀಮೆಯಲ್ಲಿ. ಅವರ 'ಆರಣ್ಯಕ'ದ ನಾಯಕ ತಾನು ಪ್ರೀತಿಸಿದ ಅರಣ್ಯವನ್ನು ತನ್ನ ಕೈಯಿಂದಲೇ ಹಂಚಿಕೊಟ್ಟು ಅಳಿಸಬೇಕಾದ ಉದ್ಯೋಗಸ್ಥ. ಮಲೆನಾಡಿನ ಮರಗಳು ಇದ್ದಲಾಗಿ ಕುಲುಮೆಯನ್ನು ಸೇರುವುದನ್ನು ಕಂಡವರಿಗೆ ಆತನ ಸಂಕಟ ಪರಕೀಯವೆನ್ನಿಸದು. ಕುವೆಂಪು ಅವರ ಕಾಡನ್ನು ಬಲ್ಲ ಶಿವಮೊಗ್ಗದ ಓದುಗರು ವಿಭೂತಿಭೂಷಣರನ್ನೂ ಓದಬೇಕೆಂದು ನನಗೆ ಬಹಳ ಆಸೆ.

ತೀರ್ಥಹಳ್ಳಿಯ ಆ ಮೂವರಲ್ಲಿ ಮೂರನೆಯವರು ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿ. ಗೋಪಾಲಗೌಡರ ಒಡನಾಟದಲ್ಲಿ ಸಮಾಜವಾದದ ದೀಕ್ಷೆ ಪಡೆದು, ಅವರ ಬದುಕಿನ ಛಾಯೆಯನ್ನು 'ಅವಸ್ಥೆ' ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಮೂಡಿಸಿದವರು. ಏಕೀಕರಣದ ಸುವರ್ಣೋತ್ಸವ ಹತ್ತಿರವಾದಾಗ, ನಮ್ಮ ಊರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡಿಗರು ಕರೆಯುವಂತೆಯೇ ಕರೆಯಬೇಕೆಂದು ಅವರು ಸರ್ಕಾರಕ್ಕೆ ಸಲಹೆಯಿತ್ತರು. ಗುರು ರಾಜ್ಯದ ಹೆಸರಿಗಾಗಿ ಮಾಡಿದುದನ್ನು ಶಿಷ್ಯ ಊರುಗಳ ಹೆಸರಿಗಾಗಿ ಮಾಡಿದಂತಾಯಿತು. ವಿಧಿಯೂ ಗುರುವಿಗಾದಂತೆಯೇ ಶಿಷ್ಯನಿಗಾಯಿತು. ಸಲಹೆ ವರ್ಷಗಟ್ಟಲೆ ಕಡತಗಳಲ್ಲಿ ಅಲೆದು, 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದು, ನವೆಂಬರ್ 1ರಂದು ಜಾರಿಗೆ ಬಂದಿತು. ಅನಂತಮೂರ್ತಿ ಅದೇ ವರ್ಷದ ಆಗಸ್ಟ್ 22ರಂದೇ ಕಣ್ಣುಮುಚ್ಚಿದ್ದರು.

ಅಂದು ಹೆಸರು ತಿದ್ದಿಕೊಂಡ ಹನ್ನೆರಡು ನಗರಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳ ಜೊತೆಗೆ ಶಿವಮೊಗ್ಗವೂ ಒಂದು. ಕನ್ನಡದಲ್ಲಿ ಅದು ಮೊದಲಿನಿಂದಲೂ ಶಿವಮೊಗ್ಗವೇ ಆಗಿದ್ದುದರಿಂದ ಪೇಟೆಯ ಮಾತಿನಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ಬದಲಾದುದು ಕಚೇರಿಯ ಮೊಹರು, ರೈಲು ನಿಲ್ದಾಣದ ಫಲಕ, ನಕ್ಷೆಯ ಅಕ್ಷರ. ಭದ್ರಾವತಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ; ಬೆಂಕಿಪುರವೆಂಬ ತನ್ನ ಹಳೆಯ ಹೆಸರನ್ನು ಬಿಟ್ಟು ಹೊಳೆಯ ಹೆಸರನ್ನು ಧರಿಸುವ ಕೆಲಸವನ್ನು ಅದು ಮೈಸೂರಿನ ಅರಸರ ಕಾಲದಲ್ಲಿಯೇ ಮುಗಿಸಿಕೊಂಡಿತ್ತು.